ಅರ್ಧ ಮೆರುಗಿನ ಕುರ್ಚಿ

"ನಮ್ಮಮ್ಮ ಕೊಂದಿಲ್ಲ ಅತ್ತೇ. ಆದ್ರೆ ಠಾಣೇಲಿ ಬಾಯೇ ಬಿಡ್ತಿಲ್ಲ. ನೀವೇ ಏನಾದ್ರೂ ಮಾಡಿ!"

ಬಾಗಿಲು ತೆಗೆದ ಸೊಸೆಯನ್ನು ದಾಟಿ ಒಳನುಗ್ಗಿದ ಹುಡುಗಿ ಸೀದಾ ಅವಳ ಅತ್ತೆಯ ಮುಂದೆ ಕುಸಿದಳು. ಹೆಂಗಸರ ಆಸ್ಪತ್ರೆಯ ದೊಡ್ಡ ಸಿಸ್ಟರ್‌ಳ ಒಬ್ಬಳೇ ಮಗಳು. ಅತ್ತೆ ಪೊಲೀಸ್ ಕೆಲಸದಿಂದ ನಿವೃತ್ತರಾಗಿ ವರ್ಷಗಳಾಗಿದ್ದರೂ ಬೀದಿಗೆಲ್ಲ ಇನ್ನೂ ಠಾಣೆ ಅತ್ತೆಯೇ. ಕಳೆದುಹೋದ ಬೆಕ್ಕಿನಿಂದ ಹಿಡಿದು ಕಳೆದುಹೋದ ಗಂಡನವರೆಗೆ ಎಲ್ಲ ದೂರೂ ಮೊದಲು ಅವರ ನಡುಮನೆಗೇ ಬರುತ್ತಿತ್ತು.

ಹುಡುಗಿ ಬಿಕ್ಕುತ್ತ ಹೇಳಿದ್ದಿಷ್ಟು. ಆಸ್ಪತ್ರೆಯ ದೊಡ್ಡ ಡಾಕ್ಟರಿಗೆ ಈಚೆಗೆ ತಲೆಸುತ್ತು. ಊಟವಾದ ಮೇಲೆ ಹೆಂಡತಿ ಕೊಟ್ಟ ಹಾಲು ಕುಡಿದು ವಿಶ್ರಾಂತಿ ಕೋಣೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗುವುದು ರೂಢಿ. ನಿನ್ನೆ ಹಾಗೆ ಮಲಗಿದವರು ಏಳಲೇ ಇಲ್ಲ. ಬಾಟಲಿಯಲ್ಲಿದ್ದದ್ದು ಸಲೈನ್ ಅಲ್ಲ, ಸ್ಪಿರಿಟ್. ಡ್ರಿಪ್ ಹಾಕಿದವಳು ಸಿಸ್ಟರ್.

ಮೊನ್ನೆಮೊನ್ನೆ ಅದೇ ಆಸ್ಪತ್ರೆಯಲ್ಲಿ ಸೊಸೆಗೂ ಸ್ಪಿರಿಟ್ ಹಾಕಿದ್ದರು. ಅವಳ ಅಂಡಾಶಯದ ಮೇಲಿನ ಗಂಟಿನಿಂದ ಹಳೆಯ ನೆತ್ತರನ್ನು ಕಿರಿ ಡಾಕ್ಟರು ಸೂಜಿಯಲ್ಲಿ ಎಳೆದು ತೆಗೆದು, ಖಾಲಿಯಾದ ಚೀಲಕ್ಕೆ ಸ್ಪಿರಿಟ್ ತುಂಬಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೊರಗೆ ತೆಗೆದಿದ್ದರು. "ಏನ್ ಡಾಕ್ಟ್ರೇ, ಶಾಯಿ ತುಂಬ್ತಿದೀರಾ?" ಎಂದು ಅವಳು ಸಿರಿಂಜ್ ನೋಡಿ ಗಾಬರಿಯಾಗಿದ್ದಳು.

"ಶಾಯಿ ಅಲ್ಲಮ್ಮ, ಸ್ಪಿರಿಟ್ಟೇ. ಚೀಲದ ಒಳಗೋಡೆ ಸುಟ್ಟು ಅಂಟಿಕೊಳ್ಳುತ್ತೆ, ಮತ್ತೆ ತುಂಬೋದು ಕಡಿಮೆ," ಎಂದು ಅವರು ನಕ್ಕಿದ್ದರು. ಆಮೇಲೆ ದನಿ ತಗ್ಗಿಸಿ, "ಹೀಗೇ ಸುಟ್ಟು ಅಂಟಿಸೋ ಮದ್ದನ್ನ ಹಿಂದೆ ಕೆಲವರು ಗರ್ಭನಾಳ ಮುಚ್ಚೋಕೂ ಇಡ್ತಿದ್ರು, ಮಕ್ಕಳಾಗದ ಹಾಗೆ. ಕೆಲವು ಹೆಂಗಸರಿಗೆ ಒಂದು ಮಾತೂ ಹೇಳದೆ," ಎಂದಿದ್ದರು. ಕೇಳಿ ಅವಳಿಗೆ ಮೈಯೆಲ್ಲ ಉರಿದಿತ್ತು.

ಅತ್ತೆ ಸೊಸೆ ಆಸ್ಪತ್ರೆಗೆ ಹೋದಾಗ ಅಲ್ಲಿದ್ದ ಇನ್ಸ್‌ಪೆಕ್ಟರು ಹಿಂದೆ ಅತ್ತೆಯ ಕೈಕೆಳಗೆ ಪಳಗಿದವರು. "ಇದ್ರಲ್ಲೇನಿದೆ ಮೇಡಂ? ಸ್ಪಿರಿಟ್ ಇರೋದು ಆಪರೇಷನ್ ಥಿಯೇಟರಲ್ಲಿ, ಕೀಲಿ ಇರೋದು ಸಿಸ್ಟರ್ ಸೊಂಟದಲ್ಲಿ," ಎಂದು ಡ್ರಿಪ್ ಬಾಟಲಿ ತೋರಿಸಿದರು. ತಳದಲ್ಲಿ ಉಳಿದಿದ್ದುದು ತಿಳಿನೀರಿನಂತಿತ್ತು. ಸೊಸೆ ಏನೋ ಹೇಳಲು ಬಾಯಿ ತೆರೆದಳು. ಅತ್ತೆ ಅವಳ ತೋಳಿಗೆ ಚಿವುಟಿದರು.

ವಿಶ್ರಾಂತಿ ಕೋಣೆಯ ಇನ್ನೊಂದು ಬಾಗಿಲು ಡಾಕ್ಟರ ಮನೆಗೆ ತೆರೆಯುತ್ತಿತ್ತು. ಅವರ ಹೆಂಡತಿ ಕಣ್ಣಲ್ಲಿ ಒಂದು ಹನಿಯೂ ಇಲ್ಲದೆ ಕುಳಿತಿದ್ದರು. ಹಳೆಯ ಮರದ ಸಾಮಾನಿಗೆ ಮೆರುಗು ಕೊಡುವುದು ಅವರ ಹವ್ಯಾಸ. ಮುಂದಿದ್ದ ಕುರ್ಚಿಯ ಒಂದು ಕೈ ಥಳಥಳಿಸುತ್ತಿತ್ತು, ಇನ್ನೊಂದು ಮಂಕಾಗಿತ್ತು. ಪಕ್ಕದ ಬಟ್ಟಲಲ್ಲಿ ಅರಗಿನ ಚಕ್ಕೆಗಳು ಒಣಒಣವಾಗಿ ಬಿದ್ದಿದ್ದವು.

"ಇದನ್ನ ಮುಗಿಸಲಿಲ್ವೇನಮ್ಮ?" ಎಂದರು ಅತ್ತೆ.

"ಮನಸ್ಸು ಬರಲಿಲ್ಲ. ಮಕ್ಕಳಿಲ್ಲದ ಮನೆ ನೋಡಿ, ಕುರ್ಚಿನಾದ್ರೂ ಉಜ್ಜಬೇಕಲ್ಲ."

ಹೊರಬಂದ ಮೇಲೆ ಸೊಸೆ ತಡೆಯಲಾರದೆ ಹೇಳಿಯೇಬಿಟ್ಟಳು. "ಅತ್ತೆ, ನನಗೆ ಹಾಕಿದ್ದು ನೀಲಿ ಇತ್ತು!"

"ಅದಕ್ಕೇ ಚಿವುಟಿದ್ದು. ಮನೆಯಲ್ಲೇ ಹೇಳಿದ್ದೆಯಲ್ಲ, ನನಗೂ ನೆನಪಿದೆ," ಎಂದ ಅತ್ತೆ ಕಿರಿ ಡಾಕ್ಟರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಸಂಜೆ ಎಲ್ಲರೂ ವಿಶ್ರಾಂತಿ ಕೋಣೆಯಲ್ಲಿ ಸೇರಿದರು. ಠಾಣೆಯಿಂದ ಕರೆತಂದ ಸಿಸ್ಟರ್‌ಳ ಕೈಯನ್ನು ಮಗಳು ಬಿಗಿಯಾಗಿ ಹಿಡಿದುಕೊಂಡಿದ್ದಳು.

"ಸಲೈನೂ ಸ್ಪಿರಿಟ್ಟೂ ನೋಡೋಕೆ ಒಂದೇ," ಎಂದು ಅತ್ತೆ ಶುರುಮಾಡಿದರು. "ಅದಲುಬದಲಾದ್ರೆ ಜೀವಕ್ಕೇ ಸಂಚಕಾರ. ಅದಕ್ಕೆ ಕಿರಿ ಡಾಕ್ಟ್ರು ಬಂದ ಮೇಲೆ, ಸ್ಪಿರಿಟ್ ಥಿಯೇಟರಿಗೆ ಬಂದ ಕೂಡಲೇ ನೀಲಿ ಬಣ್ಣ ಬೆರೆಸ್ತಾರೆ. ಈ ಬಾಟಲಿಯಲ್ಲಿ ಬಣ್ಣ ಇಲ್ಲ. ಅಂದ್ರೆ ಇದು ಥಿಯೇಟರಿನದಲ್ಲ. ಈ ಪದ್ಧತಿ ಗೊತ್ತಿಲ್ಲದವರು ಹೊರಗಿಂದ ತಂದದ್ದು. ಮೆರುಗಿನ ಅರಗು ಕರಗೋಕೂ ಸ್ಪಿರಿಟ್ಟೇ ಬೇಕು. ಕುರ್ಚಿ ಅರ್ಧಕ್ಕೇ ನಿಂತದ್ದು ಮನಸ್ಸು ಬಾರದ್ದಕ್ಕಲ್ಲ, ಸ್ಪಿರಿಟ್ ಮುಗಿದದ್ದಕ್ಕೆ. ಸ್ಪಿರಿಟ್ ಒಳಗೆ ಹೋಗೋ ಉರಿಗೂ ಅವರು ಏಳಲಿಲ್ಲ ಅಂದ್ರೆ, ಹಾಲಲ್ಲಿ ನಿದ್ದೆ ಮಾತ್ರೆ ಹಾಕಿದ್ರಿ. ಸಿಸ್ಟರ್ ಡ್ರಿಪ್ ಹಾಕಿ ಊಟಕ್ಕೆ ಹೋದ ಮೇಲೆ ಮನೆ ಕಡೆ ಬಾಗಿಲಿಂದ ಬಂದು ಬಾಟಲಿ ಬದಲಾಯಿಸಿದ್ರಿ. ಅಲ್ವೇನಮ್ಮ?"

ಡಾಕ್ಟರ ಹೆಂಡತಿ ಕಿರಿ ಡಾಕ್ಟರ ಕಡೆ ನೋಡಿದರು. ಕಿರಿ ಡಾಕ್ಟರು ತಲೆ ತಗ್ಗಿಸಿ, "ಇವರು ಗುಟ್ಟಾಗಿ ನನ್ನ ಹತ್ರ ಪರೀಕ್ಷೆ ಮಾಡಿಸ್ಕೊಂಡ್ರು. ಎರಡೂ ಗರ್ಭನಾಳ ಬುಡದಲ್ಲೇ ಮುಚ್ಚಿಹೋಗಿದ್ವು. ಮದ್ದಿಟ್ಟು ಮುಚ್ಚಿದ ಹಾಗಿದೆ ಅಂದೆ," ಎಂದರು.

"ಮದುವೆಯಾದ ಹೊಸದರಲ್ಲಿ ಹೊಟ್ಟೆನೋವು ಅಂದಿದ್ದಕ್ಕೆ ಮೇಜಿನ ಮೇಲೆ ಮಲಗಿಸಿದ," ಎಂದರು ಡಾಕ್ಟರ ಹೆಂಡತಿ. "ಅವನಿಗೆ ಮಕ್ಕಳ ರಗಳೆ ಬೇಡವಾಗಿತ್ತು. ಅಷ್ಟು ಹೇಳಿದ್ರೆ ಸಾಕಿತ್ತು, ಗಂಟುಮೂಟೆ ಕಟ್ಟಿಕೊಂಡು ಹೋಗ್ತಿದ್ದೆ. ಅವನು ಹೇಳಲಿಲ್ಲ. ನೆಂಟರು ಬಂಜೆ ಅಂದಾಗೆಲ್ಲ ನನ್ನ ಬೆನ್ನು ಸವರಿ ಸಮಾಧಾನ ಮಾಡ್ತಿದ್ದ. ಆ ಕೈಗೇ ಸೂಜಿ ಹಾಕಿತ್ತು ನೋಡಿ. ನೋಡ್ತಾನೇ ನಿಂತಿದ್ದೆ."

ಸೊಸೆ ತನಗೆ ಗೊತ್ತಿಲ್ಲದೆಯೇ ಆಕೆಯ ಪಕ್ಕಕ್ಕೆ ಸರಿದು ನಿಂತಳು.

"ಸಿಸ್ಟರ್ ಏನು ಮಾಡಿದ್ಲು?" ಎಂದರು ಅತ್ತೆ. "ಅವಳ ತಲೆಗೆ ಯಾಕೆ ಕಟ್ಟಿದ್ರಿ?"

"ಅವಳನ್ನೇ ಕೇಳಿ. ಅವತ್ತು ಮದ್ದನ್ನ ಅವನ ಕೈಗೆ ಕೊಟ್ಟವಳು ಯಾರು?"

ಅಷ್ಟೂ ಹೊತ್ತು ಗೋಡೆ ನೋಡುತ್ತಿದ್ದ ಸಿಸ್ಟರ್ ಮೊದಲ ಸಲ ಬಾಯಿ ಬಿಟ್ಟಳು. "ನಾನೇ. ಅದು ಏನು ಅಂತ ಗೊತ್ತಿತ್ತು. ಆಗ ಇವಳು ನನ್ನ ಹೊಟ್ಟೇಲಿದ್ಲು. ಕೆಲಸ ಹೋಗುತ್ತೆ ಅಂತ ಸುಮ್ಮನಿದ್ದೆ. ಆಮೇಲೂ ಸುಮ್ಮನೇ ಇದ್ದೆ. ನಿನ್ನೆ ಬಾಟಲಿ ನೋಡಿದ ಕೂಡಲೇ ಯಾರ ಕೆಲಸ ಅಂತ ಗೊತ್ತಾಯ್ತು. ಅದಕ್ಕೇ ಬಾಯಿ ಬಿಡಲಿಲ್ಲ."

ಇನ್ಸ್‌ಪೆಕ್ಟರು ಸಿಸ್ಟರ್‌ಗೆ ಮನೆಗೆ ಹೋಗಬಹುದೆಂದು ಹೇಳಿ, ಡಾಕ್ಟರ ಹೆಂಡತಿಯನ್ನು ಬಾಗಿಲ ಕಡೆ ನಡೆಸಿದರು. ಆಕೆ ಹೊಸ್ತಿಲಲ್ಲಿ ನಿಂತು ತಿರುಗಿ ನೋಡಿದರು. ಅಮ್ಮನನ್ನು ಬಿಡಿಸಿಕೊಡಿ ಎಂದು ಬೆಳಿಗ್ಗೆ ಅತ್ತಿದ್ದ ಮಗಳು ಒಂದೊಂದೇ ಬೆರಳು ಬಿಡಿಸಿಕೊಂಡು ಅಮ್ಮನ ಕೈಬಿಟ್ಟಳು, ಕೋಣೆಯ ಆಚೆ ಮೂಲೆಗೆ ಹೋಗಿ ನಿಂತಳು. "ಮಗಾ..." ಎಂದಳು ಸಿಸ್ಟರ್. ಮಗಳು ತಿರುಗಲಿಲ್ಲ.

"ಈಗ ಇಬ್ಬರ ಲೆಕ್ಕವೂ ಸರಿಹೋಯ್ತು," ಎಂದು ಡಾಕ್ಟರ ಹೆಂಡತಿ ಜೀಪಿನ ಕಡೆ ನಡೆದರು.