ತಡವಾಗಿ ಕೇಳಿಸಿದ ಮಾತು

"ಅವಳು ಕದ ತೆರೆದಾಗ ಹೊರಗೆ ಯಾರೂ..."

ನಾಗಶ್ರೀ ಅಲ್ಲಿಗೇ ನಿಲ್ಲಿಸಿದಳು. ಅದೇ ಸಾಲು, ನಾಲ್ಕನೆಯ ಸಲ. ಮೈಕ್ ಆರಿಸಿ, ಮೊನ್ನೆ ಮೊನ್ನೆ ಕೊಂಡ ಬ್ಲೂಟೂತ್ ಹೆಡ್‌ಫೋನನ್ನು ಕಿವಿಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು.

ಸುತ್ತ ಮೂರು ಕಡೆ ಪಾರ್ಚ್‌ಮೆಂಟಿನ, ಅಂದರೆ ತೊಳೆದು ಒಣಗಿಸಿದ ಕಾಫಿಬೀಜದ, ಮೂಟೆಗಳು ತಲೆಯೆತ್ತರಕ್ಕೆ ನಿಂತಿದ್ದವು. ಗೋಣಿಬೀಡಿನಲ್ಲಿ ಅವಳ ದೊಡ್ಡಪ್ಪ ಚಂದ್ರಶೇಖರಪ್ಪನವರ ಗೋಡೌನ್ ಅದು. ಮೂಟೆಗಳ ನಡುವೆ ಕೂತು ಮಾತಾಡಿದರೆ ದನಿ ಗೋಡೆಗೆ ಬಡಿದು ಮರಳುವುದಿಲ್ಲ, ಗೋಣಿಯಲ್ಲೇ ಇಂಗಿಹೋಗುತ್ತದೆ. ಅದನ್ನು ಕಂಡುಕೊಂಡ ಮೇಲೆ ಪ್ರತಿವರ್ಷ ಕೊಯ್ಲು ಮುಗಿದು ಮೂಟೆಗಳು ಒಳಗೆ ಬಂದ ದಿನದಿಂದ, ಲಾರಿ ಬಂದು ಅವು ಸಿಪ್ಪೆ ತೆಗೆಯುವ ಕ್ಯೂರಿಂಗ್ ಕಾರ್ಖಾನೆಗೆ ಹೋಗುವವರೆಗೆ ಅದೇ ಅವಳ ಸ್ಟುಡಿಯೊ. ಆಡಿಯೊ ಕಥೆಗಳ ಆ್ಯಪ್ ಒಂದಕ್ಕೆ ಅವಳು ಕಾದಂಬರಿ ಓದುತ್ತಿದ್ದಳು.

ಬೆಳಿಗ್ಗೆ ಆ ಕಂಪನಿಯಿಂದ ಫೋನ್ ಬಂದಿತ್ತು. "ಮೇಡಂ, ಎರಡು ಕಂತಿಂದ ಓದು ಎಳೀತಾ ಇದೆ. ಹೀಗೇ ಆದ್ರೆ ಬೇರೆಯವ್ರಿಗೆ ಕೊಡ್ಬೇಕಾಗುತ್ತೆ."

ದನಿಗೂ ವಯಸ್ಸಾಗುತ್ತದಾ... ಮೂವತ್ತೇಳಕ್ಕೇ?

ಎಂಟು ವರ್ಷದ ಹಿಂದೆ ಗಂಡನ ಮನೆ ಬಿಟ್ಟು ಬಂದಾಗ ಅವಳ ಜೊತೆ ಬಂದದ್ದು ಈ ದನಿಯೊಂದೇ. ವಿಚ್ಛೇದನದ ಕಾಗದ ಆಮೇಲೆ ಬಂತು. ಆ ಮನೆಯಲ್ಲಿ ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಅವಳು ಏನು ಕೇಳಿದರೂ ಗಂಡ ಉತ್ತರ ಕೊಡುತ್ತಿರಲಿಲ್ಲ, ಅಷ್ಟೆ. ಎದುರಿಗೆ ಮನುಷ್ಯನಿದ್ದೂ ಮಾತು ಹಾಗೇ ಬಿದ್ದುಹೋಗುವ ಆ ಮೌನಕ್ಕೆ ಹೆದರಿ, ಅವಳು ಯಾರನ್ನೂ ಏನನ್ನೂ ಕೇಳುವುದನ್ನೇ ಬಿಟ್ಟಿದ್ದಳು.

ಹೆಡ್‌ಫೋನಿನದೇ ದೋಷ ಇರಬಹುದು ಎಂಬ ಸಣ್ಣ ಆಸೆಯಿಂದ ಮಧ್ಯಾಹ್ನದ ಬಸ್ಸಿಗೆ ಮೂಡಿಗೆರೆಗೆ ಹೋದಳು.

ಬಸ್‌ಸ್ಟ್ಯಾಂಡ್ ಎದುರಿನ ಸೌಂಡ್ ಅಂಗಡಿಯಲ್ಲಿ ನಲವತ್ತು ದಾಟಿದ ಒಬ್ಬನೇ ಇದ್ದ. ಕನ್ನಡಕದ ಮೇಲಿಂದ ಅವಳನ್ನು ನೋಡಿದ.

"ವೈರ್‌ಲೆಸ್ ಬೇಕಿತ್ತು. ಇರೋದ್ರಲ್ಲಿ ಒಳ್ಳೇದು."

"ಏನಕ್ಕೆ?"

"ಕೇಳೋಕೆ."

"ಎಲ್ರೂ ಅದಕ್ಕೇ ತಗೊಳ್ಳೋದು," ಅಂದ ಅವನು, ನಗದೆ.

ಅವಳಿಗೇ ನಗು ಬಂತು. ಕೆಲಸದ ವಿಷಯ ಹೇಳಿದಳು. ಅವನು ಒಳಗಿನಿಂದ ಎರಡು ಪೆಟ್ಟಿಗೆ ತಂದ. ಮೊದಲನೆಯದು ವೈರ್‌ಲೆಸ್. ಕಿವಿಗೆ ಇಟ್ಟುಕೊಂಡದ್ದೇ ತಡ, ಹೊರಗೆ ಕಂಡಕ್ಟರುಗಳ ಕೂಗು, ಹಾರನ್ನು, ಜ್ಯೂಸ್ ಅಂಗಡಿಯ ಮಿಕ್ಸಿ ಎಲ್ಲವೂ ಆರಿಹೋದವು. ಅವನು ಹಾಕಿದ ವೀಣೆಯಲ್ಲಿ ಬೆರಳು ತಂತಿ ಬಿಡುವ ಸದ್ದೂ ಕೇಳಿತು. ಇಷ್ಟು ದಿನ ತಾನು ಕೇಳಿದ್ದೆಲ್ಲ ಬಟ್ಟೆಯ ಹಿಂದಿನಿಂದ ಎಂದುಕೊಂಡಳು.

"ಇದೇ ಕೊಡಿ."

"ತಡೀರಿ. ಮೈಕಲ್ಲಿ ಏನಾದ್ರೂ ಓದಿ."

ಕೈಗೆ ಸಿಕ್ಕಿದ್ದು ಅವತ್ತಿನ ಪೇಪರಿನ ಧಾರಣೆ ಪುಟ. ಕಾಳುಮೆಣಸು, ಏಲಕ್ಕಿ, ಚೆರಿ, ಪಾರ್ಚ್‌ಮೆಂಟ್... ಓದುತ್ತ ನಾಲಿಗೆ ತೊಡರಿತು. ಅವನು ಎರಡನೆಯ ಪೆಟ್ಟಿಗೆ ತೆರೆದ. ಭಾರದ, ಕಪ್ಪು ಹೆಡ್‌ಫೋನ್. ಎಡಕಿವಿಯ ಬಟ್ಟಲಿನಿಂದ ಉದ್ದನೆಯ ವೈರ್ ಇಳಿಬಿದ್ದಿತ್ತು.

"ಈಗ ಓದಿ."

ಅದೇ ಕಾಳುಮೆಣಸು, ಅದೇ ಏಲಕ್ಕಿ. ಆದರೆ ದನಿ ತುಟಿಯಿಂದ ಹೊರಟ ಕ್ಷಣಕ್ಕೇ ಕಿವಿಯಲ್ಲಿತ್ತು. ತನ್ನ ಉಸಿರು, 'ಳ'ಕಾರಕ್ಕೆ ನಾಲಿಗೆ ಮಡಿಚುವ ಸಣ್ಣ ಸದ್ದು... ಅವಳು ಓದುತ್ತಲೇ ಹೋದಳು. ಮುಗಿದಾಗ ಅವನು ಕಣ್ಣು ಮುಚ್ಚಿ ನಿಂತಿದ್ದ.

"ನಿಮ್ಮ ದನಿಗೆ ಏನೂ ಆಗಿಲ್ಲ," ಅಂದ. "ಬ್ಲೂಟೂತಲ್ಲಿ ನಿಮ್ಮ ಮಾತು ನಿಮಗೇ ಚೂರು ತಡವಾಗಿ ಬರುತ್ತೆ. ಅದಕ್ಕೆ ಕಾಯ್ತಾ ಕಾಯ್ತಾ ಎಳೀತಿದೀರ. ಹಾಡು ಕೇಳೋಕೆ ವೈರ್‌ಲೆಸ್ಸೇ ಸುಖ. ತನ್ನ ದನಿ ತಾನೇ ಕೇಳ್ಕೊಂಡು ಓದೋರಿಗೆ ವೈರೇ ಆಗ್ಬೇಕು."

"ಮೂಟೆ ಸಂದೀಲಿ ವೈರ್ ಸಿಕ್ಕಾಕ್ಕೊಳ್ಳುತ್ತೆ."

"ಸಿಕ್ಕಾಕ್ಕೊಂಡ್ರೆ ತನ್ನಿ. ನಾನಿದೀನಲ್ಲ."

ಬಸ್ಸಿನಲ್ಲಿ ಪೆಟ್ಟಿಗೆಯ ಜೊತೆ ಆ ಮಾತನ್ನೂ ಮಡಿಲಲ್ಲಿಟ್ಟುಕೊಂಡು ಬಂದಳು. ನಾನಿದೀನಲ್ಲ. ಅಂಗಡಿಯವರು ಎಲ್ಲರಿಗೂ ಹೇಳುವ ಮಾತು ಅದು... ಅಲ್ಲವಾ?

ಅವನ ಹೆಸರು ರೇಣುಕಪ್ರಸಾದ್, ಇನ್ನೂ ಮದುವೆಯಾಗಿಲ್ಲ ಎಂಬುದನ್ನು ಅವಳ ತಾಯಿ ಶಾಂತಕುಮಾರಿ ವಾರದೊಳಗೆ ಪತ್ತೆಮಾಡಿದರು. ಮೈಕ್ ಸರಿಹೊಂದಿಸಲು ಅವನೇ ಗೋಡೌನಿಗೆ ಬಂದಿದ್ದ. ಮೂಟೆಗಳನ್ನು ಮುಟ್ಟಿ ನೋಡಿ, "ಸ್ಟುಡಿಯೊದವ್ರು ಗೋಡೆಗೆಲ್ಲ ಸ್ಪಂಜ್ ಅಂಟಿಸ್ತಾರೆ. ನಿಮ್ಮದು ಅರೇಬಿಕಾ ಕಾಫಿ," ಅಂದ. ಕಂಪನಿಯವರ ದೂರು ನಿಂತಿತು. ಪ್ರತಿ ಕಂತು ಬಂದ ದಿನ ಅವನ ಮೆಸೇಜು ಬರುತ್ತಿತ್ತು. "ಇವತ್ತಿನ ಅತ್ತೆ ಪಾತ್ರ ಕೇಳಿ ನಂಗೇ ಭಯ ಆಯ್ತು."

"ಮಾರಾಯ್ತಿ, ಆ ಸೌಂಡಿನವ್ರು ಬಂದ್ರೆ ನಿನ್ನ ಸೌಂಡೇ ಬೇರೆಯಾಗುತ್ತೆ," ಎಂದು ತಾಯಿ ಛೇಡಿಸಿದರು.

ಮಾರ್ಚಿನ ಒಂದು ಸಂಜೆ ಅವನು ಅವಳನ್ನು ಜೀಪಿನಲ್ಲಿ ಗೋಣಿಬೀಡಿಗೆ ಬಿಡಲು ಹೊರಟ. ಹಿಂದಿನ ವಾರದ ಮಳೆಗೆ ಕಾಫಿ ಹೂಬಿಟ್ಟು ರಸ್ತೆಯ ಎರಡೂ ಬದಿ ಬೆಳ್ಳಗಾಗಿತ್ತು. ಜೀಪಿನಲ್ಲಿ ಅವನ ಮಾತು ಯಾವಾಗಲೂ ಕಡಿಮೆ. ತಿರುವಿನ ರಸ್ತೆ, ಗಮನ ಅಲ್ಲಿರುತ್ತದೆ ಎಂದುಕೊಂಡಿದ್ದಳು.

ಎಂಟು ವರ್ಷಗಳಲ್ಲಿ ಮೊದಲ ಸಲ ಅವಳಿಗೆ ಕೇಳಬೇಕೆನ್ನಿಸಿತು. ಅವನ ಮುಖ ನೋಡುವ ಧೈರ್ಯವಾಗಲಿಲ್ಲ. ಎದುರಿನ ಗಾಜು ನೋಡುತ್ತ ಹೇಳಿದಳು.

"ಭಾನುವಾರ ಮನೆಗೆ ಬರ್ತೀರಾ? ಅಮ್ಮನ ಹತ್ರ... ನಮ್ಮಿಬ್ರ ವಿಷಯ ಮಾತಾಡೋಣ."

ಜೀಪು ಒಂದು ತಿರುವು ದಾಟಿತು. ಇನ್ನೊಂದು ದಾಟಿತು.

"ಈ ಸಲ ಹೂಮಳೆ ಚೆನ್ನಾಗಿ ಆಯ್ತು ನೋಡಿ," ಅಂದ ರೇಣುಕಪ್ರಸಾದ್.

ಬೇಡ ಅಂದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಗೇಟಿನ ಬಳಿ ಇಳಿದವಳು ಹಿಂತಿರುಗಿ ನೋಡಲಿಲ್ಲ.

ಆಮೇಲೆ ಅವನು ಫೋನ್ ಮಾಡಿದರೆ ಎತ್ತಲಿಲ್ಲ. "ಹುಷಾರಿದೀರಾ?" ಎಂಬ ಮೆಸೇಜಿಗೆ "ಹ್ಞೂಂ" ಎಂದಷ್ಟೇ ಬರೆದಳು. ಮತ್ತೆ ಅದೇ ಮನೆ, ಅದೇ ಮೌನ... ನಿನಗೆ ಬುದ್ಧಿ ಬರುವುದು ಯಾವಾಗ ನಾಗೂ?

ಮೂರು ವಾರ ಹೀಗೇ ಕಳೆಯಿತು. ದೊಡ್ಡಪ್ಪ ಬಂದು, "ಮಂಗಳವಾರ ಲಾರಿ ಬರುತ್ತೆ ಕಣಮ್ಮ, ಅಷ್ಟರೊಳಗೆ ಮುಗಿಸ್ಕೊ," ಅಂದರು. ಇನ್ನು ಎರಡು ಕಂತು ಉಳಿದಿದ್ದವು. ಅವಸರದಲ್ಲಿ ಎದ್ದಾಗ ವೈರ್ ಮೂಟೆಯ ಸಂದಿಗೆ ಸಿಕ್ಕಿ ಜಗ್ಗಿತು, ಹೆಡ್‌ಫೋನಿನ ಒಂದು ಕಡೆ ಸತ್ತುಹೋಯಿತು. ಒಂದೇ ಕಿವಿಯಲ್ಲಿ ಓದಲು ನೋಡಿದಳು. ಅರ್ಧ ಕೋಣೆಯೇ ಮಾಯವಾದ ಹಾಗಿತ್ತು.

ಬೇರೆ ದಾರಿಯಿರಲಿಲ್ಲ. ಮೂಡಿಗೆರೆಗೆ ಹೋದಳು.

"ವೈರ್ ಹೋಗಿದೆ," ಅಂದಳು, ಅವನ ಕಣ್ಣು ತಪ್ಪಿಸಿ.

ಅವನು ಕೈಚಾಚಿದ. ಹೆಡ್‌ಫೋನ್ ತೆಗೆದುಕೊಂಡು ರಿಪೇರಿ ಮೇಜಿಗೆ ಕೂತ. ಅವಳು ಅವನ ಎಡಕ್ಕಿದ್ದ ಸ್ಟೂಲಿನಲ್ಲಿ ಕೂತಳು. ಬೆಸುಗೆ ಹಾಕುವ ಕೈಗಳು ಎಷ್ಟು ಮೃದು ಎಂದು ಇಷ್ಟು ಕೋಪದಲ್ಲೂ ಅನ್ನಿಸದೆ ಇರಲಿಲ್ಲ.

ಮುಗಿಸಿ ಅವನು ಅದನ್ನು ಫೋನಿಗೆ ಸಿಕ್ಕಿಸಿ ಹಾಕಿಕೊಂಡ, ಆಲಿಸಿದ. ಮತ್ತೆ ತೆಗೆದು, ತಿರುಗಿಸಿ ಹಾಕಿಕೊಂಡ. ಎಡದ ಬಟ್ಟಲು ಬಲಕಿವಿಗೆ ಬಂತು, ವೈರ್ ಬಲಗಡೆ ಇಳಿಬಿತ್ತು.

ತಿರುಗಾಮುರುಗಾ ಯಾಕೆ? ಅವಳು ನೋಡುತ್ತಿದ್ದಂತೆ ಅವನು ಅದನ್ನು ತೆಗೆದು ಮೇಜಿನ ಮೇಲಿಟ್ಟ.

"ಆಯ್ತಾ?" ಅಂದಳು.

ಉತ್ತರವಿಲ್ಲ.

"ರೇಣುಕಪ್ರಸಾದ್."

ಅವನು ಸ್ಕ್ರೂ ಬಿಗಿ ಮಾಡುತ್ತಲೇ ಇದ್ದ. ಒಂದು ಮೊಳ ದೂರದಲ್ಲಿ, ಅವನ ಎಡಕಿವಿಯ ಪಕ್ಕದಲ್ಲೇ ಅವಳು ಕೂತಿದ್ದಳು.

ಎಡಗಡೆ... ಜೀಪಿನಲ್ಲಿ ಸ್ಟೇರಿಂಗ್ ಬಲಕ್ಕೆ. ಪಕ್ಕದಲ್ಲಿ ಕೂತವರು ಯಾವಾಗಲೂ ಅವನ ಎಡಗಡೆಗೆ.

ನಾಗಶ್ರೀ ಎದ್ದು ಮೇಜಿನ ಎದುರು ಬಂದು ನಿಂತಳು. ಅವನು ತಲೆಯೆತ್ತಿದ.

"ಆ ಕಿವಿ ಯಾವಾಗಿಂದ?"

ಅವನ ಮುಖ ಕೆಂಪಾಯಿತು. ಕನ್ನಡಕ ತೆಗೆದು ಒರೆಸತೊಡಗಿದ. ಈ ಸಲ ಅವಳು ಕಾದಳು.

"ಹನ್ನೆರಡನೇ ವಯಸ್ಸಿಗೆ. ಮಂಗನಬಾವು ಬಂದಿತ್ತು," ಅಂದ. "ಹೇಗೆ ಗೊತ್ತಾಯ್ತು?"

"ವೈರ್ ಬಲಗಡೆ ಬಂತು."

"ವೈರ್‌ಲೆಸ್ ಆಗಿದ್ರೆ ಗೊತ್ತಾಗ್ತಿರ್ಲಿಲ್ಲ. ಗಿರಾಕಿಗಳ ಮುಂದೆ ನಾನು ಅದನ್ನೇ ಹಾಕ್ಕೊಳ್ಳೋದು." ಸಣ್ಣಗೆ ನಕ್ಕ. "ಒಂಟಿ ಕಿವಿಯವನ ಹತ್ರ ಸ್ಟೀರಿಯೊ ಯಾರು ತಗೋತಾರೆ ಹೇಳಿ? ಎರಡು ಕಡೆದೂ ಕೇಳ್ಬೇಕು ಅಂದ್ರೆ ಹೀಗೆ ತಿರುಗಿಸ್ಕೋಬೇಕು. ನಿಮ್ಮ ಒಂದೊಂದು ಕಂತನ್ನೂ ಎರಡೆರಡು ಸಲ ಕೇಳಿದೀನಿ."

ಅವಳು ಅವನ ಫೋನಿನತ್ತ ನೋಡಿದಳು. ಪರದೆಯ ಮೇಲೆ ಇದ್ದದ್ದು ಅವಳೇ ಓದಿದ ಕಾದಂಬರಿ.

ಲೋಕದ ಜನ ಎರಡು ಕಿವಿಯಿದ್ದೂ ಕೇಳಿಸಿಕೊಳ್ಳದೆ ಹೋಗುತ್ತಾರೆ. ಇವನು ಒಂದರಲ್ಲೇ ಎರಡು ಸಲ ಕೇಳುತ್ತಾನೆ. ನಾಗಶ್ರೀಗೆ ಅವನ ಮೇಲೆ ಉಕ್ಕಿದ್ದು ಕರುಣೆಯಲ್ಲ, ಅಭಿಮಾನ.

"ಅವತ್ತು ಜೀಪಲ್ಲಿ ನೀವೇನಾದ್ರೂ ಹೇಳಿದ್ರಾ?" ಅವನ ದನಿ ತಗ್ಗಿತ್ತು. "ಮೂರು ವಾರದಿಂದ ಅದೇ ಯೋಚ್ನೆ. ಇಳಿಯುವಾಗ ನಿಮ್ಮ ಮುಖ ನೋಡಿದ್ಮೇಲೆ ಕೇಳೋಕೆ ಹೆದರಿಕೆಯಾಯ್ತು."

ಅವಳು ಮೇಜು ಸುತ್ತಿಕೊಂಡು ಅವನ ಬಲಕ್ಕೆ ಬಂದಳು. ಒಮ್ಮೆ ಕೇಳುವುದೇ ಕಷ್ಟವಾಗಿತ್ತು. ಎರಡನೆಯ ಸಲ ಅವನ ಮುಖ ನೋಡಿಯೇ ಕೇಳಿದಳು.

"ಭಾನುವಾರ ಮನೆಗೆ ಬರ್ತೀರಾ? ನಮ್ಮಿಬ್ರ ವಿಷಯ ಅಮ್ಮನ ಹತ್ರ ಮಾತಾಡೋಣ."

ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಅಲ್ಲೇ ನಿಂತಿತು.

"ಇನ್ನೊಂದ್ಸಲ ಹೇಳಿ."

"ಯಾಕೆ, ಕೇಳಿಸ್ಲಿಲ್ವಾ?"

"ಕೇಳಿಸ್ತು. ಅದಕ್ಕೇ."

ಸಂಜೆ ಅಂಗಡಿಗೆ ಬೀಗ ಹಾಕಿ ಅವನೇ ಜೀಪಿನಲ್ಲಿ ಕರೆತಂದ. "ಏನಾದ್ರೂ ಹೇಳೋದಿದ್ರೆ ಕೈ ಮುಟ್ಟಿ, ನಿಲ್ಲಿಸ್ತೀನಿ," ಅಂದಿದ್ದ. ಗೋಣಿಬೀಡು ಬರುವಷ್ಟರಲ್ಲಿ ನಾಲ್ಕು ಸಲ ನಿಲ್ಲಿಸಬೇಕಾಯಿತು. ನಾಲ್ಕನೆಯ ಸಲ ಹಿಂದಿದ್ದ ಬಸ್ಸಿನವನು ತಲೆ ಹೊರಗೆ ಹಾಕಿ ಕೂಗಾಡಿದ.

"ಏನಂತೆ ಅವನಿಗೆ?" ಅಂದ ರೇಣುಕಪ್ರಸಾದ್, ಪೂರ್ತಿ ಅವಳತ್ತ ತಿರುಗಿ.

"ಬೇಗ ಮದುವೆ ಮಾಡ್ಕೊಳ್ಳಿ ಅಂತೆ."

ಅವನು ಗಟ್ಟಿಯಾಗಿ ನಕ್ಕು ಗೇರ್ ಹಾಕಿದ. ಅವಳ ಕಣ್ಣು ಆ ಗೇರಿನ ಮೇಲೆ, ಸ್ಟೇರಿಂಗಿನ ಮೇಲೆ, ಕೆಳಗಿನ ಮೂರು ಪೆಡಲುಗಳ ಮೇಲೆ ಹೋಯಿತು. ಅಲ್ಲಿ ತಾನು ಕೂತರೆ... ಅವನು ಈ ಸೀಟಿಗೆ ಬರುತ್ತಾನೆ. ಆಗ ಅವನ ಬಲಕಿವಿ ತನ್ನ ಕಡೆಗಿರುತ್ತದೆ. ದೇವರಮನೆ ಬೆಟ್ಟದವರೆಗೆ, ಕಳಸದವರೆಗೆ, ಎಷ್ಟು ದೂರ ಬೇಕಾದರೂ, ಎಲ್ಲೂ ನಿಲ್ಲಿಸದೆ ಮಾತಾಡಬಹುದು.

ಮೂಡಿಗೆರೆಯಲ್ಲಿ ಡ್ರೈವಿಂಗ್ ಕಲಿಸುವವರು ಬೆಳಿಗ್ಗೆ ಏಳಕ್ಕೇ ತೆರೆಯುತ್ತಾರೆ. ಸೋಮವಾರ ಮೊದಲ ಬಸ್ಸಿಗೇ ಹೊರಡಬೇಕು.

"ಏನು ಯೋಚ್ನೆ?" ಅಂದ ಅವನು.

ಅವಳು ಅವನ ಕೈ ಮುಟ್ಟಲಿಲ್ಲ. ಏನಿಲ್ಲ ಎಂಬಂತೆ ತಲೆಯಾಡಿಸಿ, ಅವನ ಕಾಲು ಕ್ಲಚ್ಚನ್ನು ಹೇಗೆ ಬಿಡುತ್ತದೆಂದು ನೋಡುತ್ತ ಕೂತಳು.