ಪರದೆಗೆ ಹಿಡಿಸದ ದೊಡ್ಡಮ್ಮ

ಇದು ಹಾಡಹಗಲೇ, ನಮ್ಮ ಊಟದ ಮೇಜಿನ ಮುಂದೆ ನಡೆದದ್ದು. ನನ್ನನ್ನು ಸಾಕಿದ ದೊಡ್ಡಮ್ಮ ತೀರಿಕೊಂಡ ಮೇಲೆ, ಗೋಡೆಯಲ್ಲಿದ್ದ ಮನೆಮಂದಿಯ ಹಳೇ ಫೋಟೊವನ್ನು ಮೊಬೈಲಿನಲ್ಲಿ ತೆಗೆದು, ಅದನ್ನೇ ವಾಲ್‌ಪೇಪರ್ ಮಾಡಲು ಕೂತೆ. ಫೋಟೊ ಅಗಲ, ಪರದೆ ಉದ್ದ. ನಡುವಿದ್ದ ಪುಟ್ಟ ನನ್ನನ್ನು ಹಿಡಿಸಿದರೆ ತುದಿಯಲ್ಲಿ ಮುದುಡಿ ನಿಂತ ದೊಡ್ಡಮ್ಮ ಹೊರಗೆ. ಕುಗ್ಗಿಸಿದರೆ ಎಲ್ಲರ ಮುಖ ಸಾಸಿವೆಕಾಳು. ಸಾಕಾಗಿ, ಅವಳನ್ನು ಬಿಟ್ಟೇ ಕತ್ತರಿಸಿ ಫೋನು ಕೆಳಗಿಟ್ಟೆ.

ಮಗಳು ಅದನ್ನೆತ್ತಿಕೊಂಡು, "ಏನಮ್ಮಾ, ಫೋನು ಇಷ್ಟು ತಣ್ಣಗಿದೆ?" ಎಂದಳು. ಆಮೇಲೆ, "ದೊಡ್ಡಜ್ಜಿ ನಿನ್ ಹೆಗಲ ಮೇಲೆ ಕೈ ಇಟ್ಕೊಂಡಿರೋದು ಎಷ್ಟು ಚೆನ್ನಾಗಿದೆ!"

ಸದಾ ಪಾತ್ರೆ ತೊಳೆಯುತ್ತಿದ್ದ ದೊಡ್ಡಮ್ಮನ ಕೈ ಹೀಗೇ ತಣ್ಣಗಿರುತ್ತಿತ್ತು. ಹೆದರುವ ಬದಲು ನನ್ನ ಕಣ್ಣು ತುಂಬಿ ಬಂತು.

"ನಾನು ಬಿಟ್ರೂ ನೀನು ಬಿಡ್ಲಿಲ್ಲ, ದೊಡ್ಡಮ್ಮ" ಎಂದೆ.

ಗೋಡೆಯ ಫೋಟೊದಲ್ಲಿ ಈಗ ಅವಳು ನಿಂತಿದ್ದ ತುದಿ ಖಾಲಿ. ಅದರ ಚೌಕಟ್ಟಿನ ಗಾಜಿನೊಳಗೆ, ಪುಟ್ಟ ಹುಡುಗಿಯ ಹೆಗಲ ಮೇಲಿನ ಒದ್ದೆ ಮಾತ್ರ ಇನ್ನೂ ಆರಿಲ್ಲ.