ಕಿವಿಯಿಲ್ಲದವನ ಕೈ

ಬಸವಲಿಂಗನಿಗೆ ಕಿವಿಯಿಲ್ಲ ಎಂಬ ಮಾತು ಲಿಂಗಸುಗೂರಿನಲ್ಲಿ ಹುಟ್ಟಿ, ಮಸ್ಕಿಯಲ್ಲಿ ಇಳಿದು ಚಹಾ ಕುಡಿದು, ಸಿಂಧನೂರು ಮುಟ್ಟುವ ಹೊತ್ತಿಗೆ ಗಾದೆಯಾಗಿತ್ತು. ಆ ರಸ್ತೆಯ ಬಸ್ಸುಗಳಲ್ಲಿ ಈ ಸಂಗತಿಯನ್ನು ಹೇಳುವವರು ಉಳಿದ ವಿವರಗಳಲ್ಲಿ ಒಬ್ಬೊಬ್ಬರು ಒಂದೊಂದು ದಾರಿ ಹಿಡಿದರೂ, ಮೊದಲು ಹೊತ್ತಿದ ಕಿಡಿ ಇದೇ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ.

ಮಾತನ್ನು ಆಡಿದವರು ಲಕ್ಷ್ಮಣ ಸಾಹೇಬರು. ಹಟ್ಟಿಯ ಚಿನ್ನದ ಗಣಿಯಲ್ಲಿ ಫೋರ್‌ಮನ್ ಆಗಿದ್ದು, ನಿವೃತ್ತರಾದ ಮೇಲೆ ಲಿಂಗಸುಗೂರಿನಲ್ಲಿ ಮನೆ ಕಟ್ಟಿಸಿ, ಅದರ ಬೀದಿಬದಿಯ ಕೋಣೆಯನ್ನು ಹಾಡು ಕೇಳುವುದಕ್ಕೆಂದೇ ಮೀಸಲಿಟ್ಟವರು. ಗಣಿಯ ಗದ್ದಲದಲ್ಲಿ ಆಯುಷ್ಯ ಸವೆಸಿದವರ ಕಿವಿ ಉಳಿದದ್ದೇ ಸೋಜಿಗ. ಇವರದು ಉಳಿದದ್ದಷ್ಟೇ ಅಲ್ಲ, ಕುಡುಗೋಲಿನಂತೆ ಮಸೆದುಕೊಂಡಿತ್ತು. ಬ್ಯಾಂಕಿನಲ್ಲಿ ಅಧಿಕಾರಿಯಾದ ಮಗಳು ಸಂಘಮಿತ್ರಾ ಅವರಿಗೊಂದು ಸ್ಟ್ರೀಮರ್ ತಂದುಕೊಟ್ಟಳು. ಕ್ಯಾಸೆಟ್ಟು, ಡಿಸ್ಕು ಯಾವುದೂ ಬೇಡ. ಇಂಟರ್‌ನೆಟ್ಟಿನಿಂದ ಹಾಡನ್ನು ಎಳೆದು ನುಡಿಸುವ ಪೆಟ್ಟಿಗೆ ಅದು. ಸಾಹೇಬರು ಒಂದು ವಾರ ಕೇಳಿದರು. "ಎಲ್ಲಾ ಐತವ್ವ ಇದರಾಗ. ಆದ್ರ ಫ್ರಿಜ್ಜಿನ್ಯಾಗ ಇಟ್ಟ ಅನ್ನ ಉಂಡಂಗ ಆಗತೈತಿ" ಎಂದರು. ಹಳೆಯ ರೇಡಿಯೊಗಳಂತೆ ಸ್ವರವು ಬಿಸಿ ಗಾಜಿನ ವಾಲ್ವ್‌ಗಳ ಮೂಲಕ ಹಾದು ಹೊರಬಂದರೆ ಆ ತಣುಪು ಹೋಗುತ್ತದೆಂದು ಅವರಿಗೆ ಗೊತ್ತಿತ್ತು. ವಾಲ್ವ್ ಬಲ್ಲವನು ಆ ಸೀಮೆಗೆಲ್ಲ ಒಬ್ಬನೇ: ಸಿಂಧನೂರಿನ ಹಳೇ ಬಸ್ ನಿಲ್ದಾಣದ ಹಿಂದೆ ತಂದೆಯ ರೇಡಿಯೊ ಅಂಗಡಿಯನ್ನು ನಡೆಸಿಕೊಂಡು ಬಂದ ಬಸವಲಿಂಗ.

ಬಸವಲಿಂಗ ಪೆಟ್ಟಿಗೆ ಬಿಚ್ಚಿ, ಒಳಗೆ ಎರಡು ವಾಲ್ವ್‌ಗಳಿಗೆ ಜಾಗ ಮಾಡಿ, ಹೊಸ ಜೋಡಿಯನ್ನು ಕೂಡಿಸಿ, ಲಿಂಗಸುಗೂರಿಗೆ ಒಯ್ದು ಇಟ್ಟ. ಸಾಹೇಬರು ನಾಲ್ಕು ಜನ ಅತಿಥಿಗಳ ನಡುವೆ ಕಣ್ಣು ಮುಚ್ಚಿ ಸಾರಂಗಿಯನ್ನು ಕೇಳಿದರು. ಕಣ್ಣು ತೆರೆದು ಹೇಳಿದರು: "ಕೈ ಐತಿ ಬಸವಲಿಂಗ ನಿನಗ. ಕಿವಿ ಇಲ್ಲ."

ಅಲ್ಲಿಗೆ ನಿಲ್ಲಿಸಿದ್ದರೆ ಕತೆ ಇರುತ್ತಿರಲಿಲ್ಲ. ಅವರ ತಂದೆ ಗಾಳೆಪ್ಪ ಗಣಿಯ ದೊರೆಗಳ ಕ್ಲಬ್ಬಿನಲ್ಲಿ ಆಳಾಗಿದ್ದವರು. ಅಲ್ಲಿನ ರೇಡಿಯೊ ಗುಜರಿಗೆ ಹೋದಾಗ ಅದರ ಎರಡು ವಾಲ್ವ್‌ಗಳನ್ನು ಹತ್ತಿಯಲ್ಲಿ ಸುತ್ತಿ ಮನೆಗೆ ತಂದಿದ್ದರು. ಸಾಹೇಬರು ಆ ಜೋಡಿಯನ್ನು ಹೊರತೆಗೆದು, ಬಸವಲಿಂಗನ ಕೈಗಲ್ಲ, ಮಸ್ಕಿಯ ಅಸದ್‌ನ ಕೈಗೆ ಕೊಟ್ಟರು. ಅಸದ್ ಬಸವಲಿಂಗನ ಬಳಿಯೇ ಕೆಲಸ ಕಲಿತು ಬೇರೆ ಅಂಗಡಿ ಇಟ್ಟವನು. ಟೆಸ್ಟರು, ಚಿಮಟ, ವಿಭೂತಿ ಗಟ್ಟಿ: ಉಸ್ತಾದನ ಕಿಸೆಯಲ್ಲಿದ್ದ ಮೂರು ಸಾಮಾನುಗಳಲ್ಲಿ ಎರಡು ಶಿಷ್ಯನ ಕಿಸೆಗೂ ಬಂದಿದ್ದವು. ಅಸದ್ ಹಳೆಯ ವಾಲ್ವ್‌ಗಳನ್ನು ಕೂಡಿಸಿ, ಗಾಜು ನಡುಗದಂತೆ ಒಂದೊಂದಕ್ಕೂ ತಾಮ್ರದ ತಗಡಿನ ಅಂಗಿ ತೊಡಿಸಿದ. ಆ ಸಂಜೆ ಸಾರಂಗಿ ಕೇಳಿ ಸಾಹೇಬರು ಅತ್ತರಂತೆ.

ಅಸದ್ ಸಂತೋಷ ತಡೆಯಲಾರದೆ ಸಿಂಧನೂರಿಗೆ ಬಂದು, ಫೋನಿನಲ್ಲಿ ತೆಗೆದ ಚಿತ್ರವನ್ನು ಉಸ್ತಾದನ ಮುಂದೆ ಹಿಡಿದ.

"ನಿಮ್ಮ ವಿದ್ಯಾನ ಇದು ಉಸ್ತಾದ್. ಸಾಹೇಬ್ರು ಅತ್ತಬಿಟ್ರು ನೋಡ್ರಿ."

"ವಯಸ್ಸಾಗ್ಯಾದಲ್ಲಪಾ, ಕಣ್ಣಾಗ ನೀರು ಬರ್ತಾವ" ಎಂದ ಬಸವಲಿಂಗ. ಎಂದವನು ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸಿ, ಗಾಜಿನ ನೆತ್ತಿಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿಕೊಂಡ. ಉಪಾಯ ಹುಟ್ಟಿದ್ದು ಆ ಎರಡು ಬೆರಳುಗಳ ನಡುವೆ.

ಕಳ್ಳರು ಸಿಕ್ಕಿಬೀಳುವುದು ಕದ್ದದ್ದನ್ನು ಇಟ್ಟುಕೊಳ್ಳುವುದರಿಂದ. ಬಸವಲಿಂಗನಿಗೆ ಇಟ್ಟುಕೊಳ್ಳುವ ಆಸೆಯೇ ಇರಲಿಲ್ಲ. ಗಾಳೆಪ್ಪನ ಜೋಡಿಯನ್ನು ತೆಗೆದು, ಅದೇ ಅಕ್ಷರ ಒತ್ತಿದ ನಕಲಿ ಜೋಡಿಯನ್ನು ಅಲ್ಲಿ ಕೂಡಿಸುವುದು. ಸ್ವರ ಸಪ್ಪೆಯಾಗುತ್ತದೆ, ಸಾಹೇಬರ ಕಿವಿ ಅದನ್ನು ಹಿಡಿಯದೆ ಬಿಡುವುದಿಲ್ಲ. ಕೊನೆಗೆ ಮುಚ್ಚಳ ತೆಗೆದವನು ಅಸದ್. ಅನುಮಾನಕ್ಕೆ ಬೇರೆ ಮನೆ ಹುಡುಕುವ ಕೆಲಸವಿಲ್ಲ. ಆಮೇಲೆ ಸಾಹೇಬರು ಸಿಂಧನೂರಿಗೆ ಫೋನ್ ಮಾಡಲೇಬೇಕು. ಆಗ ಬಸವಲಿಂಗ ಕದ್ದ ಜೋಡಿಯನ್ನೇ, ಅಕ್ಷರ ಅಳಿಸಿ, ತನ್ನ ತಂದೆಯ ಟ್ರಂಕಿನಲ್ಲಿದ್ದದ್ದೆಂದು ಹೇಳಿ ಅಲ್ಲಿಯೇ ಕೂಡಿಸುತ್ತಾನೆ. ಹಳೆಯ ವಾಲ್ವ್‌ನ ಅಕ್ಷರ ಹೆಬ್ಬೆರಳಿಗೇ ಅಳಿಸುತ್ತದೆ. ಸಾರಂಗಿ ಮೊದಲಿನಂತೆ ಹಾಡುತ್ತದೆ, ಸಾಹೇಬರು ಮೊದಲಿನಂತೆ ಅಳುತ್ತಾರೆ. ವಸ್ತು ಇದ್ದ ಜಾಗದಲ್ಲೇ ಇರುತ್ತದೆ. ಹೆಸರು ಮಾತ್ರ ಒಬ್ಬನಿಂದ ಇನ್ನೊಬ್ಬನಿಗೆ ದಾಟಿರುತ್ತದೆ. ಇದನ್ನು ಕಳ್ಳತನ ಎನ್ನುವ ಕಾನೂನು ಯಾವುದಿದೆ?

ಹಾಡಿನ ಕೋಣೆಗೆ ಬೀದಿಯಿಂದಲೇ ಒಂದು ಬಾಗಿಲಿತ್ತು. ಮೊದಲ ಕೆಲಸದ ದಿನಗಳಲ್ಲಿ ಅದರ ಕೀಲಿ ಅವನ ಬಳಿ ಇತ್ತು. ಅದನ್ನು ನಂಬಿಗಸ್ತನಂತೆ ಹಿಂದಿರುಗಿಸಿದ್ದ. ನೆನಪಿನಿಂದಲೇ ಅರದಲ್ಲಿ ಉಜ್ಜಿ ಒಂದು ನಕಲು ತೆಗೆಯುವಷ್ಟು ಕೈ ಅವನಿಗೆ ಇದ್ದೇ ಇತ್ತು. ಬುದ್ಧ ಪೂರ್ಣಿಮೆಗೆ ಸಾಹೇಬರ ಮನೆಯವರೆಲ್ಲ ಕಲಬುರಗಿಗೆ ಹೋಗುವವರೆಂಬುದು ಲಿಂಗಸುಗೂರಿಗೆಲ್ಲ ಗೊತ್ತಿದ್ದ ವಿಷಯ. ಅದೇ ದಿನಕ್ಕೆ ಬಸವಲಿಂಗ ಮಸ್ಕಿಯ ಒಂದು ಕಲ್ಯಾಣ ಮಂಟಪದಲ್ಲಿ ಮರುದಿನದ ಮದುವೆಗೆ ಮೈಕು ಕಟ್ಟಿ ಪರೀಕ್ಷಿಸುವ ಕೆಲಸ ಒಪ್ಪಿಕೊಂಡ.

ಈ ಭಾಗವನ್ನು ಹೇಳುವಾಗ ಹೇಳುವವರು ಅವನನ್ನು ಕೊಂಚ ಮೆಚ್ಚಿಕೊಳ್ಳುತ್ತಾರೆ. ಮಂಟಪದ ಮುಂಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿ, ತಾನು ಮೊದಲೇ ಧ್ವನಿಮುದ್ರಿಸಿದ್ದನ್ನು ನುಡಿಯಲು ಬಿಟ್ಟು, ಹಿತ್ತಿಲ ಬಾಗಿಲಿನಿಂದ ಅವನು ಹೊರಟ. ಒಳಗೆ ಒಂದು ಹಾಡು, ಅರ್ಧಕ್ಕೆ ನಿಂತಿತು, ನಂತರ ಅವನದೇ ದನಿ, "ಹಲೋ, ಹಲೋ, ಒಂದು, ಎರಡು, ಮೂರು", ಒಂದು ಕೆಮ್ಮು, ಮತ್ತೆ ಹಾಡು, ಮತ್ತೆ, "ಏ, ಆ ವಯರ್ ತುಳಿಬ್ಯಾಡಪಾ!" ವಯರ್ ತುಳಿಯುವವರು ಯಾರೂ ಅಲ್ಲಿರಲಿಲ್ಲ. ಹೆಲ್ಮೆಟ್ ಹಾಕಿದ ಬಸವಲಿಂಗ ಲಿಂಗಸುಗೂರಿನ ರಸ್ತೆಯಲ್ಲಿದ್ದ. ಅವನ ದನಿ ಮಸ್ಕಿಯಲ್ಲಿ ದುಡಿಯುತ್ತಿತ್ತು.

ಕೋಣೆ ತಂಪಾಗಿತ್ತು. ಗೋಡೆಯಲ್ಲಿ ಬಾಬಾಸಾಹೇಬರ ಪಟ, ಅದರ ಕೆಳಗೆ ಬುದ್ಧನ ಮೂರ್ತಿ, ಮುಂದೆ ಕರಗಿ ಉಳಿದ ಮೇಣದಬತ್ತಿ. ಅವನು ಬಟ್ಟೆಯ ಕೈಗವಸು ತೊಟ್ಟು, ಮುಚ್ಚಳ ತೆಗೆದು, ಗಾಳೆಪ್ಪನ ಜೋಡಿಯನ್ನು ಹತ್ತಿಯಲ್ಲಿ ಸುತ್ತಿಕೊಂಡ. ನಕಲಿ ಗಾಜುಗಳನ್ನು ಸ್ಪಿರಿಟ್ಟಿನಿಂದ ಒರೆಸಿ ಕೂಡಿಸಿದ. ತಾಮ್ರದ ಅಂಗಿಗಳನ್ನು ಅಸದ್ ತೊಡಿಸಿದ್ದ ದಿಕ್ಕಿಗೇ ತೊಡಿಸಿದ. ಕರೆಂಟು ಕೊಟ್ಟು ನೋಡದೆ ಕೆಲಸ ಮುಗಿಯಿತೆನ್ನುವುದು ಅವನ ಮನೆತನದ ರೀತಿಯಲ್ಲ. ಕೊಟ್ಟು ನೋಡಿದ, ವಾಲ್ವ್‌ಗಳು ಕೆಂಡದಂತೆ ಬೆಳಗಿದವು, ಆರಿಸಿದ. ತಿರುಪುಗಳನ್ನು ಬಿಗಿದು, ಮುಚ್ಚಳದ ಮೇಲೆ ಮೊದಲಿದ್ದ ಕರವಸ್ತ್ರವನ್ನು ಮೊದಲಿದ್ದ ಮಡಿಕೆಯಲ್ಲೇ ಹಾಸಿದ. ಹೊಸಿಲ ಮೇಲೆ ನಿಂತು ಮತ್ತೊಮ್ಮೆ ಒಳಗೆಲ್ಲ ಕಣ್ಣಾಡಿಸಿದ. ತಪ್ಪಿದ್ದು ಏನೂ ಕಾಣಲಿಲ್ಲ.

ಮಸ್ಕಿಯ ಹಿತ್ತಿಲಿನಿಂದ ಒಳಹೊಕ್ಕು ಮುಂಬಾಗಿಲು ತೆರೆದಾಗ, ಎದುರುಮನೆಯ ಯಮನೂರಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಏ ಬಸವಲಿಂಗಣ್ಣ, ಮೂರು ಆದ ಮ್ಯಾಲ ನಾಕು ಬರಂಗಿಲ್ಲೇನು ನಿನಗ? ಮುಂಜಾನಿಂದ ತಲಿ ತಿಂದಿ!"

"ನಾಕು ಕಲಿಯಾಕ ಸಾಲಿಗೆ ಕಳಿಸಲಿಲ್ಲವ್ವ ನಮ್ಮಪ್ಪ" ಎಂದ ಅವನು. ಬೈಗುಳ ಅಷ್ಟು ಸಿಹಿಯಾಗಿರುತ್ತದೆಂದು ಅವನಿಗೆ ಆವರೆಗೆ ತಿಳಿದಿರಲಿಲ್ಲ.

ಮುಂದಿನದೆಲ್ಲ ಅವನು ಬರೆದಿಟ್ಟಂತೆಯೇ ನಡೆಯಿತು. ಸಾಹೇಬರು ಮೊದಲು ತಮ್ಮ ಕಿವಿಯನ್ನೇ ಅನುಮಾನಿಸಿ ರಾಯಚೂರಿನ ವೈದ್ಯರಿಗೆ ತೋರಿಸಿಕೊಂಡು ಬಂದರು. ಕಿವಿ ಸರಿಯಿತ್ತು. ಆಮೇಲೆ ಪೆಟ್ಟಿಗೆಯನ್ನು ಅನುಮಾನಿಸಿದರು. ಒಳಗಿನ ಕರೆಂಟು ಆನೆಯನ್ನೂ ಕೆಡವೀತೆಂದು ಅಸದ್ ಎಚ್ಚರಿಸಿದ್ದರಿಂದ ಮುಚ್ಚಳಕ್ಕೆ ಕೈ ಹಾಕಲಿಲ್ಲ. ಕೊನೆಗೆ ಎಚ್ಚರಿಸಿದವನನ್ನೇ ಅನುಮಾನಿಸಿದರು. ಅಸದ್ ನೋಡಲು ಬಂದಾಗ, "ದೂರ ನಿಂತು ಮಾತಾಡಪಾ" ಎಂದರು.

ಸಿಂಧನೂರಿನ ಚಹಾದಂಗಡಿಯಲ್ಲಿ ಅಕ್ಕಿ ವ್ಯಾಪಾರಿ ಕರಿಬಸಪ್ಪ ಕೇಳಿದ: "ಏನೋ ಬಸವಲಿಂಗ, ಅಸದ್ ಹೈದ್ರಾಬಾದಿಗೆ ಹೋಗಿ ಬಂದಾನಂತ?"

"ಹೋಗಿರಬೇಕ್ರಿ ಗೌಡ್ರ. ಹಳೇ ವಾಲ್ವ್ ತಗೊಳ್ಳೋರು ಅಲ್ಲೇ ಅದಾರ" ಎಂದು ಬಸವಲಿಂಗ ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಂಡ. "ನಾ ಏನೂ ಅನ್ನಂಗಿಲ್ಲ. ನನ್ನ ಶಿಷ್ಯ ಅಂವ."

ಏನೂ ಅನ್ನದ ಆ ಮಾತು ಸಂಜೆಯ ಬಸ್ಸಿಗೇ ಮಸ್ಕಿ ತಲುಪಿತು. ಅಸದ್‌ನ ಅಂಗಡಿಗೆ ಟಿ.ವಿ. ಕೊಟ್ಟವರು ಒಬ್ಬೊಬ್ಬರೇ ಬಂದು ರಿಪೇರಿಯಾಗದಿದ್ದರೂ ಒಯ್ದರು. ಪೊಲೀಸರಿಗೆ ತಿಳಿಸೋಣವೆಂದು ಸಂಘಮಿತ್ರಾ ಅಂದಳು. ಹುಡುಗನ ಬಾಳು ಹಾಳಾದೀತು, ಮೊದಲು ಬಲ್ಲವರನ್ನು ಕರೆಸಿರೆಂದು ತಾಯಿ ಗದ್ದೆಮ್ಮ ತಡೆದಳು. ಬಲ್ಲವನಿಗೆ ಫೋನ್ ಹೋಯಿತು.

"ಅವತ್ತು ಅಂದ ಮಾತು ಮನಸಿನ್ಯಾಗ ಇಟ್ಕೋಬ್ಯಾಡ ಬಸವಲಿಂಗ. ಬಂದು ನೋಡು."

ಬಸವಲಿಂಗ ಮಡಿಯಾದ ಅಂಗಿ ತೊಟ್ಟು ಹೋದ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದ್ದರು. ಅಸದ್ ಬಾಗಿಲ ಬಳಿ ನಿಂತಿದ್ದ. ಅವನಿಗೆ ಯಾರೂ ಕುರ್ಚಿ ಕೊಟ್ಟಿರಲಿಲ್ಲ.

"ಮೊದಲ ಹೇಳಿಬಿಡ್ತೀನ್ರಿ ಸಾಹೇಬ್ರ" ಎಂದ ಬಸವಲಿಂಗ. "ನಿಮ್ಮ ಹಳೇ ವಾಲ್ವ್ ನಾ ಒಮ್ಮಿನೂ ಮುಟ್ಟಿಲ್ಲ. ಅಸದ್ ಕೈ ಹಾಕಿದ ಮ್ಯಾಲ ಈ ಮುಚ್ಚಳಾನೂ ತೆಗೆದಿಲ್ಲ. ನಾಳೆ ಯಾರೂ ನನ್ನ ಹೆಸರು ತರಬಾರದು."

"ಯಾರು ತರ್ತಾರಪಾ ನಿನ್ನ ಹೆಸರು" ಎಂದರು ಸಾಹೇಬರು.

"ಉಸ್ತಾದ್, ನೀವಾದ್ರೂ ಹೇಳ್ರಿ. ನಾ ಅಂಥಾಂವ ಅಲ್ಲ."

"ನಾ ಯಾಕ ಹೇಳ್ಲಿ ಅಸದ್? ವಾಲ್ವ್ ಹೇಳತೈತಿ."

ಅವನು ಮುಚ್ಚಳ ತೆಗೆದು, ಎರಡು ವಾಲ್ವ್‌ಗಳನ್ನು ತಾಮ್ರದ ಅಂಗಿಗಳ ಸಮೇತ ಕಿತ್ತು, ತಳದ ಕಡ್ಡಿಗಳನ್ನು ಬೆಳಕಿಗೆ ಹಿಡಿದು ನೋಡಿ, ನಿಟ್ಟುಸಿರಿಟ್ಟು ಬಿಳಿ ಬಟ್ಟೆಯ ಮೇಲಿಟ್ಟ. "ನಕಲಿ. ನಿನ್ನೆ ಮೊನ್ನೆ ತಯಾರಾದ ಮಾಲು." ಗದ್ದೆಮ್ಮ ಅಸದ್‌ನತ್ತ ನೋಡಿ ಮುಖ ತಿರುಗಿಸಿದಳು. ಅಸದ್ ತುಟಿ ಕಚ್ಚಿ ನೆಲ ನೋಡಿದ.

ಬಸವಲಿಂಗ ಚೀಲದಿಂದ ಹತ್ತಿಯ ಗಂಟು ತೆಗೆದ. "ನಮ್ಮಪ್ಪನ ಟ್ರಂಕಿನ್ಯಾಗ ಇದ್ವು. ಅಕ್ಷರ ಅಳಿಸ್ಯಾವ, ಆದ್ರ ಜೀವ ಐತಿ. ನಿಮಗ ಅಂತ ತಂದೀನಿ."

ಒಂದೊಂದಾಗಿ ಅವನ್ನು ಕೂಡಿಸುತ್ತ, ತನ್ನ ತಂದೆ ಅವನ್ನು ಯಾವ ಕಾಲದಲ್ಲಿ, ಯಾವ ಗೌಡರ ರೇಡಿಯೊದಿಂದ ತೆಗೆದಿಟ್ಟನೆಂಬ ಕತೆಯನ್ನು ಅವನು ಸಾಹೇಬರ ಕಣ್ಣಿನಲ್ಲಿ ಕಣ್ಣಿಟ್ಟು ಹೇಳಿದ. ಕತೆ ಸೊಗಸಾಗಿತ್ತು. ಅವನು ಗುಂಡಿ ಒತ್ತಿದ. ವಾಲ್ವ್ ಕಾಯುವವರೆಗೆ ಸ್ವರ ಬರುವುದಿಲ್ಲವಾದ್ದರಿಂದ ಎಲ್ಲರೂ ಕಾದರು.

"ಹೊಸವಕ್ಕ ಈ ಅಂಗಿ ತೊಡಸಬೇಕಲ್ಲ ಕಾಕಾ?" ಎನ್ನುತ್ತ ಸಂಘಮಿತ್ರಾ, ಬಟ್ಟೆಯ ಮೇಲಿದ್ದ ನಕಲಿ ವಾಲ್ವ್‌ನಿಂದ ತಾಮ್ರದ ಅಂಗಿಯನ್ನು ಎಳೆದಳು, ಎಳೆದ ಕೈ ಅಲ್ಲಿಯೇ ನಿಂತಿತು. ಗಾಜಿನ ಸುತ್ತ, ಬಿಸಿಗೆ ಕಚ್ಚಿಕೊಂಡ ಮೂರು ಬಿಳಿಯ ಗೆರೆಗಳಿದ್ದವು. ಅವಳು ಎರಡನೆಯದರ ಅಂಗಿ ತೆಗೆದಳು, ಅಲ್ಲಿಯೂ ಮೂರು. "ನಮ್ಮ ಮನ್ಯಾಗ ವಿಭೂತಿ ಇಟ್ಕೊಳ್ಳಂಗಿಲ್ಲ" ಎಂದಳು, ಯಾರಿಗೆ ಎನ್ನದೆ. ಅಸದ್ ತಲೆಯೆತ್ತಿದ. ಅವನು ಗಾಜನ್ನು ನೋಡಲಿಲ್ಲ; ಪೆಟ್ಟಿಗೆಯೊಳಗೆ ಈಗಷ್ಟೇ ಕೂಡಿಸಿದ ಜೋಡಿಯನ್ನು ನೋಡಿದ, ಮಿಕ್ಕವರೂ ಅವನ ನೋಟದ ಹಿಂದೆಯೇ ನೋಡಿದರು. ಬೆಳಗತೊಡಗಿದ ಗಾಜುಗಳ ಮೇಲೆ ಹಸಿ ವಿಭೂತಿಯ ಮೂರು ಮೂರು ಗೆರೆಗಳು, ಅದೇ ಅಗಲ, ಅದೇ ಅಂತರ. ಅಷ್ಟರಲ್ಲಿ ವಾಲ್ವ್ ಕಾದು ಸಾರಂಗಿ ಎದ್ದಿತು, ಗಾಳೆಪ್ಪನ ಜೋಡಿಯ ಅದೇ ಬೆಚ್ಚನೆಯ ಸ್ವರ. ಲಕ್ಷ್ಮಣ ಸಾಹೇಬರು ಈ ಸಲ ಕಣ್ಣು ಮುಚ್ಚಲಿಲ್ಲ. ಹೊಸದಾಗಿ ಕೂಡಿಸಿದ ವಾಲ್ವ್‌ಗೆ ವಿಭೂತಿ ಹಚ್ಚದೆ ಕರೆಂಟು ಕೊಡಬಾರದೆಂದು ಬಸವಲಿಂಗನ ತಂದೆ ಅವನಿಗೆ ಚಿಕ್ಕಂದಿನಲ್ಲಿ ಕಲಿಸಿದ್ದ. ಕೈ ಅದನ್ನು ಕಲಿತ ಮೇಲೆ ಅವನನ್ನು ಕೇಳುವುದನ್ನು ಬಿಟ್ಟಿತ್ತು. ಅವನು ಬಲಗೈಯನ್ನು ಎತ್ತಿ ನೋಡಿಕೊಂಡ. ಮೂರು ಬೆರಳುಗಳ ತುದಿಗಳು ಬೆಳ್ಳಗಿದ್ದವು, ಆ ಕೈ ಕಿಸೆಗೆ ಹೋಗಿ ಬಂದದ್ದು ಯಾವಾಗ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ.